ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ: ಹಳೆ ಕಾರಿನ ಲೆಕ್ಕ

“ಇಡೀ ಕಾರು ಮಾರಿದರೂ ಒಂದೂವರೆ ಲಕ್ಷ ಬಂದರೆ ಹೆಚ್ಚು, ಅದಕ್ಕೆ ಅರವತ್ತು ಸಾವಿರ ಸುರಿಯೋದಾ?” ಹನ್ನೆರಡು ವರ್ಷ ಓಡಿದ ಕಾರನ್ನು ಗ್ಯಾರೇಜಿಗೆ ಬಿಟ್ಟು, ಎಸ್ಟಿಮೇಟ್ ಕೈಗೆ ಬಂದ ದಿನ ನಮ್ಮ ಮನೆಗಳಲ್ಲಿ ಏಳುವ ಮೊದಲ ಮಾತು ಇದೇ. ಕ್ಲಚ್ ಪ್ಲೇಟ್ ಮುಗಿದಿದೆ, ಮುಂದಿನ ಎರಡೂ ಶಾಕ್ ಲೀಕ್ ಆಗಿವೆ, ಎ.ಸಿ. ಕಂಪ್ರೆಸರ್ ಕರಕರ ಎನ್ನುತ್ತಿದೆ, ಟೈರುಗಳು ನುಣ್ಣಗಾಗಿವೆ. ಬಿಲ್ಲಿನ ಮೊತ್ತವನ್ನು ಕಾರಿನ ಮಾರಾಟದ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದೇ ತಪ್ಪು. ಮಾರಿದರೆ ಎಷ್ಟು ಬರುತ್ತದೆ ಎನ್ನುವುದು ಕಾರನ್ನು ಕೊಳ್ಳುವವರ ಲೆಕ್ಕ. ಇಟ್ಟುಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇನ್ನೊಂದು ವರ್ಷ ಓಡಲು ಈ ಕಾರು ಎಷ್ಟು ಕೇಳುತ್ತದೆ, ಇದರ ಜಾಗಕ್ಕೆ ಬರುವ ಕಾರು ಅದೇ ಒಂದು ವರ್ಷಕ್ಕೆ ಎಷ್ಟು ಕೇಳುತ್ತದೆ?

ರಿಪೇರಿ ಖರ್ಚನ್ನು ಕಾರಿನ ಬೆಲೆಗೆ ಹೋಲಿಸುವ ರೂಢಿಗೆ ವಿಮೆಯ ವ್ಯವಹಾರವೂ ಒತ್ತು ಕೊಟ್ಟಿದೆ. ಅಪಘಾತದ ನಂತರ ರಿಪೇರಿ ವೆಚ್ಚ ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಾದ ವಾಹನದ ಬೆಲೆಯ, ಶೇ 75 ದಾಟಿದರೆ ವಿಮಾ ಕಂಪನಿ ಅದನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುತ್ತದೆ. ಅದು ಕಂಪನಿಯ ಮಟ್ಟಿಗೆ ಸರಿಯಾದ ಲೆಕ್ಕ, ಏಕೆಂದರೆ ಅದು ಕೊಡಬೇಕಾದದ್ದು ಎರಡರಲ್ಲಿ ಒಂದು ಮೊತ್ತ ಮಾತ್ರ. ಮಾಲೀಕರ ಸ್ಥಿತಿ ಹಾಗಲ್ಲ. ಕಾರು ಕೊಟ್ಟುಬಿಟ್ಟ ಮರುದಿನವೂ ಅವರು ಆಫೀಸಿಗೆ ಹೋಗಬೇಕು, ವಯಸ್ಸಾದ ಅಪ್ಪ–ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಊರಿನ ಜಾತ್ರೆಗೆ ಹೋಗಬೇಕು. ಅದಕ್ಕೆ ತಗಲುವ ಹಣವನ್ನು ಬಿಟ್ಟು ಮಾಡಿದ ಲೆಕ್ಕ ಅರ್ಧ ಲೆಕ್ಕ.

ಒಂದು ಉದಾಹರಣೆ ಹಿಡಿಯೋಣ. ಬೆಂಗಳೂರಿನಲ್ಲಿ ವರ್ಷಕ್ಕೆ 8,000 ಕಿಲೋಮೀಟರ್ ಓಡುವ, 12 ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇಂದು ಮಾರಿದರೆ 1.5 ಲಕ್ಷ, ಐದು ವರ್ಷ ಬಿಟ್ಟು ಮಾರಿದರೆ 50 ಸಾವಿರ ಎನ್ನೋಣ. ವರ್ಷಕ್ಕೆ 20 ಸಾವಿರ ಬೆಲೆ ಇಳಿಯಿತು. ಇದರ ಬದಲು ಆನ್‌ರೋಡ್ 8 ಲಕ್ಷದ ಹೊಸ ಕಾರು ತಂದರೆ, ಐದು ವರ್ಷದಲ್ಲಿ ಅದು 4 ಲಕ್ಷಕ್ಕೆ ಇಳಿದಿರುತ್ತದೆ. ವರ್ಷಕ್ಕೆ 80 ಸಾವಿರ ಕರಗಿತು. 6 ಲಕ್ಷ ಸಾಲವನ್ನು ಶೇ 9ರ ಬಡ್ಡಿಗೆ 60 ಕಂತಿನಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 12,450 ರೂಪಾಯಿ, ಒಟ್ಟು ಬಡ್ಡಿ 1.47 ಲಕ್ಷ, ಅಂದರೆ ವರ್ಷಕ್ಕೆ 29 ಸಾವಿರಕ್ಕೂ ಹೆಚ್ಚು. ಹೊಸ ಕಾರಿನ ವಿಮೆ ಹಳೆಯದಕ್ಕಿಂತ 12 ಸಾವಿರ ಜಾಸ್ತಿ ಎಂದಿಟ್ಟುಕೊಂಡರೆ, ಎಲ್ಲ ಸೇರಿ ವರ್ಷಕ್ಕೆ 1.21 ಲಕ್ಷ. ಹೊಸ ಕಾರಿನ ಸರ್ವೀಸ್ ಖರ್ಚನ್ನು ನಾನು ಇದರಲ್ಲಿ ಹಿಡಿದೇ ಇಲ್ಲ.

ಈಗ ಹಳೆ ಕಾರಿನ ಕಡೆ ಬನ್ನಿ. ಬೆಲೆ ಇಳಿತ 20 ಸಾವಿರ. ಹೊಸದು ಲೀಟರಿಗೆ 20 ಕಿ.ಮೀ. ಕೊಟ್ಟು ಹಳೆಯದು 15 ಮಾತ್ರ ಕೊಟ್ಟರೆ ವರ್ಷಕ್ಕೆ 133 ಲೀಟರ್ ಹೆಚ್ಚು ಪೆಟ್ರೋಲ್. ಲೀಟರಿಗೆ 103 ರೂಪಾಯಿಯಂತೆ 13,700. ಎರಡೂ ಸೇರಿ 34 ಸಾವಿರದ ಒಳಗೆ. ಅಂದರೆ ಹಳೆ ಕಾರು ಪ್ರತಿ ವರ್ಷವೂ, ತಪ್ಪದೆ, 87 ಸಾವಿರ ರೂಪಾಯಿ ರಿಪೇರಿ ಕೇಳಿದರೆ ಆಗ ಎರಡೂ ಸಮ. ಕ್ಲಚ್ ಪ್ಲೇಟನ್ನಾಗಲಿ ಶಾಕನ್ನಾಗಲಿ ಯಾರೂ ಪ್ರತಿ ವರ್ಷ ಹಾಕಿಸುವುದಿಲ್ಲ. ಒಮ್ಮೆ ಹಾಕಿದ ಟೈರು ಹೀಗೆ ಓಡುವ ಕಾರಿನಲ್ಲಿ ನಾಲ್ಕೈದು ವರ್ಷ ಬರುತ್ತದೆ. ಆ ಅರವತ್ತು ಸಾವಿರದ ಬಿಲ್ಲು ಅರ್ಧ ವರ್ಷದ ಹೊಸ ಕಾರಿನ ಖರ್ಚಿಗೆ ಸಮ. ಅಂಕಿಗಳನ್ನು ನಿಮ್ಮ ನಿಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಕಡಿಮೆ ಓಡುವ ಮನೆಬಳಕೆಯ ಪೆಟ್ರೋಲ್ ಕಾರಿನ ವಿಷಯದಲ್ಲಿ ಉತ್ತರ ಬಹುಪಾಲು ಒಂದೇ ಕಡೆ ವಾಲುತ್ತದೆ: ರಿಪೇರಿ ಮಾಡಿಸಿ ಓಡಿಸಿ.

ನಮ್ಮ ರಾಜ್ಯದಲ್ಲಿ ಈ ವಾಲಿಕೆ ಇನ್ನೂ ಹೆಚ್ಚು. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18, ಅದರ ಮೇಲೆ ಸೆಸ್. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿದಾಗ ಷೋರೂಂಗಳಲ್ಲಿ ಜನ ತುಂಬಿದ್ದು ನಿಜ. ಆದರೆ ಹೊಸದರ ಬೆಲೆ ಇಳಿದಾಗ ನಮ್ಮ ಅಂಗಳದ ಕಾರಿನ ಬೆಲೆಯೂ ಇಳಿಯುತ್ತದೆ ಎಂಬುದನ್ನು ಹಲವರು ಮರೆತರು. ವಿನಾಯಿತಿಯಲ್ಲಿ ಸಿಕ್ಕ ಲಾಭದ ಒಂದು ಪಾಲು ಎಕ್ಸ್‌ಚೇಂಜ್ ಬೆಲೆಯಲ್ಲಿ ಕಳೆದುಹೋಗುತ್ತದೆ.

ಲೆಕ್ಕ ಮಗುಚುವ ಕಡೆಯೂ ಇದೆ. ತುಮಕೂರಿನಿಂದಲೋ ರಾಮನಗರದಿಂದಲೋ ದಿನವೂ ಬೆಂಗಳೂರಿಗೆ ಓಡಾಡುವವರು ವರ್ಷಕ್ಕೆ 30 ಸಾವಿರ ಕಿ.ಮೀ. ಓಡಿಸಿದರೆ, ಮೈಲೇಜಿನ ಅದೇ ವ್ಯತ್ಯಾಸ 500 ಲೀಟರ್ ಆಗುತ್ತದೆ, ಅಂದರೆ 51 ಸಾವಿರ ರೂಪಾಯಿ. ಬಿಡಿಭಾಗಗಳು ಸವೆಯುವುದೂ ಬೇಗ. ಟ್ಯಾಕ್ಸಿ ಓಡಿಸುವವರಿಗಂತೂ ಕಾರು ಗ್ಯಾರೇಜಿನಲ್ಲಿ ನಿಂತ ಒಂದೊಂದು ದಿನವೂ ಹೋದ ಸಂಪಾದನೆ. ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ನಿಲ್ದಾಣದ ದಾರಿಯಲ್ಲಿ ಕೈಕೊಟ್ಟ ಗಾಡಿ ಆ ದಿನದ ಬಾಡಿಗೆಯ ಜೊತೆಗೆ ಗಿರಾಕಿಯನ್ನೂ ಕಳೆಯುತ್ತದೆ. ಅಂಥವರು ಇನ್ನೂ ಒಳ್ಳೆಯ ಬೆಲೆ ಇರುವಾಗಲೇ ಗಾಡಿ ಬದಲಿಸುವುದು ಸರಿಯಾದ ವ್ಯವಹಾರ. ಅವರ ಮಾತನ್ನು ಕೇಳಿ ವಾರಕ್ಕೆರಡು ಸಲ ಕಾರು ತೆಗೆಯುವ ನಿವೃತ್ತ ಮೇಷ್ಟ್ರು ಬದಲಿಸಬೇಕಿಲ್ಲ.

ಇನ್ನು, “ಕಳೆದ ವರ್ಷವಷ್ಟೇ ಮೂವತ್ತು ಸಾವಿರ ಹಾಕಿದ್ದೀನಿ, ಈಗ ಹೇಗೆ ಮಾರಲಿ” ಎನ್ನುವವರಿದ್ದಾರೆ. ಹೋದ ದುಡ್ಡು ಹೋಯಿತು. ನೋಡಬೇಕಾದದ್ದು ಇನ್ನು ಮುಂದೆ ಹೋಗುವ ದುಡ್ಡನ್ನು ಮಾತ್ರ. ಹಾಗೆಯೇ ಮಾರುವ ಮುಂಚೆ ದೊಡ್ಡ ರಿಪೇರಿ ಮಾಡಿಸಿ ಹೆಚ್ಚು ಬೆಲೆ ಪಡೆಯುವ ಆಸೆಯೂ ಬಹುಮಟ್ಟಿಗೆ ಫಲಿಸುವುದಿಲ್ಲ. ಹೊಸ ಕ್ಲಚ್ ಕಣ್ಣಿಗೆ ಕಾಣುವುದಿಲ್ಲ, ಡೀಲರು ಅದಕ್ಕೆ ದುಡ್ಡು ಕೊಡುವುದಿಲ್ಲ.

ಹಾಗಾದರೆ ಕಾರು ನಿಜವಾಗಿ ಮುಗಿಯುವುದು ಯಾವಾಗ? ಎಂಜಿನ್ ಹೋದಾಗ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ನನ್ನ ದೃಷ್ಟಿಯಲ್ಲಿ ಕಾರನ್ನು ಮುಗಿಸುವುದು ಎಂಜಿನ್ ಅಲ್ಲ, ತುಕ್ಕು. ಸವೆಯುವ ಭಾಗಗಳೆಲ್ಲ ಬದಲಿಸಲೆಂದೇ ಮಾಡಿದವು: ಬ್ರೇಕ್ ಪ್ಯಾಡ್, ಬುಶ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ರೇಡಿಯೇಟರ್, ಸೆಲ್ಫ್ ಮೋಟಾರ್. ಸಾದಾ ಪೆಟ್ರೋಲ್ ಎಂಜಿನ್ನನ್ನು ಇಳಿಸಿ, ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿ ಕೂರಿಸುವ ಮೇಸ್ತ್ರಿಗಳು ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ಆದರೆ ಇವತ್ತಿನ ಬಹುತೇಕ ಕಾರುಗಳಲ್ಲಿ ಬಾಡಿಯೇ ಚಾಸಿ. ಬೊಲೆರೊ, ಸ್ಕಾರ್ಪಿಯೊ, ಹಳೆಯ ಇನ್ನೋವಾಗಳಂತೆ ಕೆಳಗೆ ಬೇರೆ ಚೌಕಟ್ಟು ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಶಾಕ್ ಕೂರುವ ಗೋಪುರ, ಹಿಂದಿನ ಆಕ್ಸಲ್ ಸೇರುವ ಜಾಗ, ಇವೇ ಕಾರಿನ ಬೆನ್ನೆಲುಬು. ಇವು ಟೊಳ್ಳಾದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಾರದು.

ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ಬಯಲುಸೀಮೆಯ ಕಾರಿಗಿಂತ ಎಷ್ಟೋ ಮುಂಚೆ ತಗಡನ್ನು ತಿನ್ನುತ್ತವೆ. ಮೇಲಿನ ಬಣ್ಣ ಉಬ್ಬಿ ಬರುವ ತುಕ್ಕಿಗೆ ಟಿಂಕರಿಂಗ್, ಪೇಂಟಿಂಗ್ ಸಾಕು. ಕೆಳಗಿನ ತುಕ್ಕು ನೋಡಬೇಕಾದರೆ ಕಾರನ್ನು ಲಿಫ್ಟಿಗೆ ಏರಿಸಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದು ಬರಬೇಕು. ತುದಿಯಿಂದ ಒತ್ತಿದಾಗ ಒಳಗೆ ಹೋಗಬಾರದು. ಅಂಡರ್‌ಕೋಟಿಂಗ್‌ನ ಕಪ್ಪು ಬಣ್ಣ ಹೊಡೆದು ಟೊಳ್ಳು ಮುಚ್ಚುವುದು, ಅಲ್ಲೊಂದು ಇಲ್ಲೊಂದು ತಗಡಿನ ತುಂಡು ವೆಲ್ಡ್ ಮಾಡುವುದು ಸಾಮಾನ್ಯ. ಮಾರುವ ದಿನಕ್ಕೆ ಅದು ಸಾಕಾಗಬಹುದು, ಎದುರಿನಿಂದ ಲಾರಿ ಬಂದ ಕ್ಷಣಕ್ಕೆ ಸಾಲದು. ದೊಡ್ಡ ರಿಪೇರಿಗೆ ದುಡ್ಡು ಕೊಡುವ ಮುಂಚೆ ಮೊದಲು ಕೆಳಗೆ ನೋಡಿಸಿ ಎನ್ನುವುದು ನಾನು ಯಾರಿಗೇ ಆಗಲಿ ಹೇಳುವ ಮೊದಲ ಮಾತು. ತಳ ಗಟ್ಟಿಯಿದ್ದರೆ ಮಿಕ್ಕಿದ್ದರ ಬಗ್ಗೆ ಮಾತಾಡಬಹುದು.

ಊರು ಬದಲಾದಂತೆ ಸವೆತದ ಸ್ವರೂಪವೂ ಬದಲಾಗುತ್ತದೆ. ಘಟ್ಟ ಹತ್ತಿಳಿಯುವ ಮಲೆನಾಡಿನ ಕಾರಿಗೆ ಕ್ಲಚ್ಚು, ಬ್ರೇಕು. ರಾಯಚೂರು, ಕಲಬುರಗಿಯ ಬಿಸಿಲಿಗೆ ಎ.ಸಿ., ರೇಡಿಯೇಟರ್ ಮತ್ತು ರಬ್ಬರ್ ಹೋಸ್‌ಗಳು. ಬೆಂಗಳೂರಿನ ಕಾರಿನ ಓಡೋಮೀಟರನ್ನಂತೂ ಹಾಗೇ ನಂಬಬಾರದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆವಳಿ 60 ಸಾವಿರ ಕಿ.ಮೀ. ಆದ ಕಾರಿನ ಎಂಜಿನ್ 3,000 ಗಂಟೆ ಓಡಿರುತ್ತದೆ. ಹೆದ್ದಾರಿಯಲ್ಲಿ 60ರ ವೇಗದಲ್ಲಿ 1.2 ಲಕ್ಷ ಕಿ.ಮೀ. ಮುಗಿಸಿದ ಕಾರಿನದು 2,000 ಗಂಟೆ. ಕಡಿಮೆ ಓಡಿದ ಕಾರು ಹೆಚ್ಚು ಸವೆದಿರಬಹುದು.

ತುಕ್ಕಿನ ನಂತರ ನಾನು ಹೆದರುವುದು ನೀರಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಬಡಾವಣೆಗಳು ಮುಳುಗಿದಾಗ ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳೂ ಮುಳುಗಿದವು. ಡ್ಯಾಶ್‌ಬೋರ್ಡ್‌ವರೆಗೆ ನೀರು ಕಂಡ ಕಾರನ್ನು ಒಣಗಿಸಿ ಓಡುವಂತೆ ಮಾಡಬಹುದು, ಆದರೆ ವೈರಿಂಗಿನ ಒಳಗೆ, ಇಸಿಯುವಿನ ಪಿನ್ನುಗಳಲ್ಲಿ ಹಿಡಿದ ಕಿಲುಬು ತಿಂಗಳುಗಳ ನಂತರ ಒಂದೊಂದಾಗಿ ಕಾಡುತ್ತದೆ. ಅಂಥದ್ದನ್ನು ರಿಪೇರಿ ಮಾಡಿಸುತ್ತಾ ಕೂರದೆ ವಿಮೆಯ ಹಣ ಪಡೆದು ಬಿಟ್ಟುಕೊಡುವುದೇ ಲೇಸು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಪ್ರೊಟೆಕ್ಷನ್ ಇಲ್ಲದ ಪಾಲಿಸಿ ಆ ಖರ್ಚು ಕೊಡುವುದಿಲ್ಲ.

ಡೀಸೆಲ್ ಕಾರುಗಳದ್ದು ಬೇರೆಯೇ ವ್ಯವಹಾರ. ಎಂಜಿನ್ನಿನ ಕಬ್ಬಿಣ ಗಟ್ಟಿ, ಅದರ ಸುತ್ತಲಿನ ನಾಜೂಕು ಭಾಗಗಳು ದುಬಾರಿ: ಇಂಜೆಕ್ಟರುಗಳು, ಹೈಪ್ರೆಷರ್ ಪಂಪು, ಟರ್ಬೊ, ಬಿಎಸ್-6 ಆದರೆ ಹೊಗೆಯ ಕಣ ಹಿಡಿಯುವ ಡಿಪಿಎಫ್. ಇವುಗಳಲ್ಲಿ ಎರಡು ಒಟ್ಟಿಗೆ ಕೈಕೊಟ್ಟರೆ ಬಿಲ್ಲು ಲಕ್ಷ ದಾಟುವುದುಂಟು. ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ, ಅದರಲ್ಲೂ ಡ್ಯುಯಲ್ ಕ್ಲಚ್ ಇರುವವುಗಳಲ್ಲಿ, ಇದೇ ಮಾತು. ವಾರಂಟಿ ಮುಗಿದ ಮೇಲೆ ಅಂಥ ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರು ಒಂದು ದೊಡ್ಡ ಮೊತ್ತವನ್ನು ಪಕ್ಕಕ್ಕೆ ತೆಗೆದಿಟ್ಟಿರಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಮೊತ್ತದ ಹೆಸರು ಬ್ಯಾಟರಿ. ತಯಾರಕರು ಸಾಮಾನ್ಯವಾಗಿ ಅದಕ್ಕೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಾರೆ. ನಂತರದ ವರ್ಷಗಳ ಅನುಭವ ನಮ್ಮಲ್ಲಿ ಈಗಷ್ಟೇ ಶುರುವಾಗಿದೆ.

ಬಿಡಿಭಾಗ ಸಿಗದಿದ್ದರೆ ಮೇಲಿನ ಲೆಕ್ಕವೆಲ್ಲ ನಿಷ್ಪ್ರಯೋಜಕ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲು, ಶಿವಾಜಿನಗರದ ಗುಜರಿ ಗಲ್ಲಿಗಳು ಸಾವಿರಾರು ಹಳೆ ಕಾರುಗಳನ್ನು ಓಡಿಸುತ್ತಿವೆ. ಕೌಂಟರಿನಲ್ಲಿ ಮೊದಲು ಕೇಳುವ ಪ್ರಶ್ನೆ “ಒರಿಜಿನಲ್ಲಾ, ಲೋಕಲ್ಲಾ?” ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ನಿನ ಭಾಗಗಳಲ್ಲಿ ಒರಿಜಿನಲ್ಲೇ ಇರಲಿ, ಅಥವಾ ಕಾರು ಕಂಪನಿಗೆ ಭಾಗ ಮಾಡಿಕೊಡುವ ಕಾರ್ಖಾನೆಯದೇ ಇರಲಿ. ಬಾಗಿಲ ಹಿಡಿಕೆ, ಕನ್ನಡಿ, ಮಡ್‌ಗಾರ್ಡಿಗೆ ಸೆಕೆಂಡ್ಸ್ ಸಾಕು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಆ ಕಾರುಗಳ ಮಾಲೀಕರು ಈ ಮಾರುಕಟ್ಟೆಯ ಬೆಲೆಯನ್ನು ಚೆನ್ನಾಗಿ ಬಲ್ಲರು. ನಿಮ್ಮ ಮಾದರಿ ನಿಂತುಹೋಗಿ ಹತ್ತು ವರ್ಷವಾಗಿದ್ದು, ಒಂದು ಸೆನ್ಸರಿಗಾಗಿ ಮೂರು ವಾರ ಕಾಯಬೇಕಾದ ಸ್ಥಿತಿ ಬಂದಿದ್ದರೆ, ಬಿಲ್ಲು ಸಣ್ಣದಿದ್ದರೂ ಬದಲಿಸುವ ಯೋಚನೆ ಸರಿ. ಇದಕ್ಕೆ ತದ್ವಿರುದ್ಧವಾಗಿ, ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಅದರ ಬಿಡಿಭಾಗ ಸಣ್ಣ ಊರುಗಳ ಅಂಗಡಿಯಲ್ಲೂ ಸಿಗುತ್ತದೆ.

ಬಿಡಿಭಾಗ ಸಿಗುವುದು, ಬಿಡುವುದು ಬರೀ ಅದೃಷ್ಟದ ಮಾತಲ್ಲ, ಹಕ್ಕಿನ ಮಾತು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದರು ಎಂಬುದು ಆರೋಪದ ಸಾರ. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿತು, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು. ನಂಬಿಕಸ್ಥ ಮೇಸ್ತ್ರಿಯೊಬ್ಬರು ಸ್ಕ್ಯಾನರಿನಲ್ಲಿ ಎಲ್ಲವನ್ನೂ ಓದುವಂತಾದರೆ, ಇಡೀ ಅಸೆಂಬ್ಲಿ ಬದಲಿಸುವ ಕಡೆ ಒಂದು ಸಣ್ಣ ಭಾಗ ಬದಲಿಸಿದರೆ ಸಾಕಾಗುತ್ತದೆ. ನಮ್ಮಲ್ಲಿ ಎಷ್ಟೋ ಕಾರುಗಳು ಕೆಟ್ಟು ಮೂಲೆಗೆ ಸೇರಿದವಲ್ಲ, ಕೆಟ್ಟದ್ದು ಏನೆಂದು ತಿಳಿಯದೆ ಸೇರಿದವು. ನನಗೆ ಸಂಕಟವಾಗುವುದು ಇಲ್ಲಿ.

ಈಗ ಕಾನೂನು. “ಹದಿನೈದು ವರ್ಷ ಆಯ್ತು, ಇನ್ನು ಗುಜರಿಗೇ” ಎಂಬ ಮಾತು ಎಷ್ಟು ಹಬ್ಬಿದೆಯೆಂದರೆ ಅದನ್ನು ನಂಬಿ ಒಳ್ಳೆಯ ಕಾರನ್ನು ಕಡಿಮೆ ಬೆಲೆಗೆ ಕೊಟ್ಟವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ನಂತರ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ವಯಸ್ಸಿನ ಕಾರಣಕ್ಕೆ ನಿಷೇಧವಿಲ್ಲ. 25ನೇ ನಮೂನೆಯ ಅರ್ಜಿ, ವಿಮೆ, ಎಮಿಷನ್ ಸರ್ಟಿಫಿಕೇಟ್, ಹಸಿರು ತೆರಿಗೆ, ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ಕಾರಿನ ಹಾಜರಿ. ನಮ್ಮ ಜನ ಇದನ್ನೇ ‘ಎಫ್‌ಸಿ ಮಾಡಿಸೋದು’ ಎನ್ನುತ್ತಾರೆ. 2022ರ ಏಪ್ರಿಲ್ 1ರಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಏಟು ದೊಡ್ಡದಾಗಿ ಕಂಡರೂ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದೆರಡು ಸಾವಿರ. ಅಷ್ಟಕ್ಕಾಗಿ ಕಾರು ಬದಲಿಸಬೇಕಿಲ್ಲ.

ಗಾಬರಿ ಹುಟ್ಟಿದ್ದು ದೆಹಲಿಯಿಂದ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಬಂಕಿನಲ್ಲಿ ಇಂಧನವನ್ನೇ ಕೊಡಬಾರದೆಂಬ ಕ್ರಮ ಬಂದು ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗಷ್ಟೇ ಉಳಿಸಿತು. ಇಷ್ಟು ಸುತ್ತಿ ಬಂದು ನಿಂತಿರುವ ಜಾಗ ಸರಿಯಾದದ್ದೇ. ಅಳೆಯಬೇಕಾದದ್ದು ಕ್ಯಾಲೆಂಡರನ್ನಲ್ಲ, ಹೊಗೆಯನ್ನು.

ಹೊಗೆಯ ವಿಷಯದಲ್ಲಿ ಪೆಟ್ರೋಲನ್ನೂ ಡೀಸೆಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಿಎಸ್-4 ಡೀಸೆಲ್ ಕಾರು ಕಿ.ಮೀ.ಗೆ 25 ಮಿಲಿಗ್ರಾಂ ಸೂಕ್ಷ್ಮಕಣ ಉಗುಳಲು ಅವಕಾಶವಿತ್ತು. 2020ರ ಏಪ್ರಿಲಿನಿಂದ ದೇಶವೆಲ್ಲ ಬಂದ ಬಿಎಸ್-6ರಲ್ಲಿ ಆ ಮಿತಿ 4.5 ಮಿಲಿಗ್ರಾಂ. ಸಾರಜನಕದ ಆಕ್ಸೈಡುಗಳ ಮಿತಿ 250ರಿಂದ 80ಕ್ಕೆ ಇಳಿಯಿತು. ಪೆಟ್ರೋಲ್ ಕಾರಿನಲ್ಲಿ ಇದೇ ಇಳಿಕೆ 80ರಿಂದ 60ಕ್ಕೆ ಮಾತ್ರ. ಹಾಗಾಗಿ ಊರೊಳಗೆ ಓಡುವ ಹಳೆಯ ಡೀಸೆಲ್ ಕಾರನ್ನು ಬಿಡಲು ನೆರೆಹೊರೆಯವರ ಶ್ವಾಸಕೋಶವೇ ಸಾಕಷ್ಟು ಕಾರಣ. ಪೆಟ್ರೋಲ್ ಕಾರಿನ ಮಾಲೀಕರಿಗೆ ಅಂಥ ಒತ್ತಡವಿಲ್ಲ.

ಇಂಗಾಲದ ಲೆಕ್ಕ ಇದಕ್ಕಿಂತ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ಉದಾಹರಣೆಯ ಹಳೆ ಕಾರು ವರ್ಷಕ್ಕೆ ಹೆಚ್ಚು ಕುಡಿಯುವ 133 ಲೀಟರ್ ಅಂದರೆ 300 ಕಿಲೋ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬಣ್ಣ ಸೇರಿ ಅದು ಕಾರ್ಖಾನೆಯಿಂದ ಹೊರಬರುವಷ್ಟರಲ್ಲಿ ಹಲವು ಟನ್ ಇಂಗಾಲ ಗಾಳಿ ಸೇರಿರುತ್ತದೆ. ಐದು ಟನ್ ಎಂದು ಹಿಡಿದರೂ, ಮೈಲೇಜಿನ ಉಳಿತಾಯದಲ್ಲಿ ಅದನ್ನು ತೀರಿಸಲು ಹದಿನಾರು ವರ್ಷ ದಾಟಬೇಕು. ಪರಿಸರದ ಹೆಸರಿನಲ್ಲಿ, ಕಡಿಮೆ ಓಡುವ ಪೆಟ್ರೋಲ್ ಕಾರನ್ನು ಒಡೆದುಹಾಕಿ ಇನ್ನೊಂದು ಪೆಟ್ರೋಲ್ ಕಾರು ತರುವುದಕ್ಕೆ ನನಗೆ ಅರ್ಥ ಕಾಣುವುದಿಲ್ಲ.

ಸರ್ಕಾರಗಳು ಹಳೆ ಕಾರು ಒಡೆಸಲು ದುಡ್ಡು ಕೊಟ್ಟಾಗ ಪರಿಸರದ ಜೊತೆಗೆ ಕಾರ್ಖಾನೆಯ ಹಿತವೂ ಇರುತ್ತದೆ. 2009ರ ಆರ್ಥಿಕ ಕುಸಿತದಲ್ಲಿ ಜರ್ಮನಿ ಒಂಬತ್ತು ವರ್ಷ ದಾಟಿದ ಕಾರನ್ನು ಒಡೆಸಿ ಹೊಸದು ಕೊಂಡವರಿಗೆ 2,500 ಯೂರೊ ಕೊಟ್ಟಿತು. ಅದೇ ವರ್ಷ ಅಮೆರಿಕ 3,500ರಿಂದ 4,500 ಡಾಲರ್ ಕೊಟ್ಟು, ಒಂದೆರಡು ತಿಂಗಳಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ವಾಹನಗಳನ್ನು ರಸ್ತೆಯಿಂದ ತೆಗೆಯಿತು. ಆ ಎಂಜಿನ್ನುಗಳು ಮತ್ತೆಂದೂ ಓಡದಿರಲೆಂದು ಆಯಿಲ್ ಬದಲು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಸ್ಟಾರ್ಟ್ ಮಾಡುತ್ತಿದ್ದರು. ಓಡುತ್ತಿದ್ದ ಎಂಜಿನ್ ನಿಮಿಷಗಳಲ್ಲಿ ಬಿಗಿದುಕೊಳ್ಳುತ್ತಿತ್ತು. ಅದೇ ಅಮೆರಿಕದಲ್ಲಿ ಇವತ್ತು ರಸ್ತೆಯ ಮೇಲಿನ ಕಾರುಗಳ ಸರಾಸರಿ ವಯಸ್ಸು ಹನ್ನೆರಡು ವರ್ಷ ದಾಟಿದೆ. ನಮ್ಮ ಗುಜರಿ ನೀತಿ 2021ರ ಆಗಸ್ಟ್ 13ರಂದು ಬಂತು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕಾರು ಕೊಟ್ಟು ಠೇವಣಿ ಪತ್ರ ಪಡೆದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಅದು ರಾಜ್ಯಗಳಿಗೆ ದಾರಿ ಮಾಡಿದೆ. ಕಾರು ಬದಲಿಸುವುದು ಹೇಗೂ ನಿಶ್ಚಯವಾಗಿದ್ದರೆ ಆ ರಿಯಾಯಿತಿಯನ್ನು ಕೇಳಿ ಪಡೆಯಬೇಕು.

ಇಥೆನಾಲಿನ ಬಗ್ಗೆ ಒಂದು ಮಾತು. ಶೇ 20 ಇಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಬಹುತೇಕ ಅದೇ. ಇ0ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ ಮಾರ್ಗಸೂಚಿಯೇ ಹೇಳಿತ್ತು. ಹಳೆಯ ರಬ್ಬರ್ ಹೋಸ್, ಸೀಲುಗಳು ಬೇಗ ಗಟ್ಟಿಯಾಗಿ ಬಿರುಕು ಬಿಡಬಹುದು. ಪೆಟ್ರೋಲ್ ವಾಸನೆ ಬಂದರೆ ತಡಮಾಡದೆ ಲೈನು ಪರೀಕ್ಷಿಸಿ, ಹೋಸ್ ಬದಲಿಸಿ. ಇದು ಸಾವಿರದ ಲೆಕ್ಕದ ಕೆಲಸ, ಕಾರು ಬದಲಿಸುವ ಕಾರಣವಲ್ಲ.

ಹಾಗಿದ್ದರೆ ಯಾವ ಕಾರಣಕ್ಕಾದರೂ ಹಳೆ ಕಾರು ಬಿಡಬೇಕೆ? ಒಂದು ಕಾರಣ ನನ್ನನ್ನು ನಿಜವಾಗಿ ಒಪ್ಪಿಸುತ್ತದೆ, ಅದು ಜೀವ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ, ಚಾಲಕರ ಏರ್‌ಬ್ಯಾಗ್ ಅದೇ ವರ್ಷ ಜುಲೈಯಲ್ಲಿ, ಎಲ್ಲ ಮಾದರಿಗಳಿಗೂ ಕ್ರ್ಯಾಶ್ ಟೆಸ್ಟ್ ಅಕ್ಟೋಬರಿನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಬಂದದ್ದು ಇನ್ನೂ ತಡವಾಗಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿತು. ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಇಂದು ಹತ್ತು ಹನ್ನೆರಡು ವರ್ಷವಾಗಿರುವ ಕಾರುಗಳು ಆ ಕಾಲದವೇ. ಎಬಿಎಸ್‌ಅನ್ನಾಗಲಿ ಏರ್‌ಬ್ಯಾಗನ್ನಾಗಲಿ ಯಾವ ಗ್ಯಾರೇಜೂ ಆಮೇಲೆ ಸರಿಯಾಗಿ ಕೂರಿಸಿಕೊಡಲಾರದು. ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರು. ಊರೊಳಗೆ ತರಕಾರಿ, ಶಾಲೆ, ದೇವಸ್ಥಾನ ಎಂದು ಮೂವತ್ತರ ವೇಗದಲ್ಲಿ ಓಡುವ ಕಾರಿಗೆ ಈ ಅಪಾಯ ಕಡಿಮೆ. ಬೆಂಗಳೂರು–ಮೈಸೂರು ದಾರಿಯಲ್ಲೋ ಪುಣೆ ಹೆದ್ದಾರಿಯಲ್ಲೋ ವಾರವಾರ ನೂರರ ವೇಗದಲ್ಲಿ ಹೆಂಡತಿ ಮಕ್ಕಳನ್ನು ಕರೆದೊಯ್ಯುವವರ ಕಾರಿನಲ್ಲಿ ಎಬಿಎಸ್, ಏರ್‌ಬ್ಯಾಗ್ ಇಲ್ಲದಿದ್ದರೆ, ಮೇಲಿನ 87 ಸಾವಿರದ ಲೆಕ್ಕವನ್ನು ಮರೆತು ಬದಲಿಸಬೇಕು. ಹಳೆಯ ಕಾರನ್ನೇ ಇಟ್ಟುಕೊಳ್ಳುವವರು ಒಳ್ಳೆಯ ಟೈರು, ಬ್ರೇಕು, ಹಿಂದಿನ ಸೀಟಿಗೂ ಕೆಲಸ ಮಾಡುವ ಬೆಲ್ಟು, ಇಷ್ಟರಲ್ಲಿ ಮಾತ್ರ ಒಂದು ಪೈಸೆಯನ್ನೂ ಉಳಿಸಬಾರದು.

ಬದಲಿಸುವುದೆಂದರೆ ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. ಮೊದಲ ಮೂರು ನಾಲ್ಕು ವರ್ಷದಲ್ಲಿ ಕಾರಿನ ಬೆಲೆ ಹೆಚ್ಚು ವೇಗವಾಗಿ ಇಳಿಯುತ್ತದೆ; ವಿಮೆಯ ಕೋಷ್ಟಕದಲ್ಲೂ ನಾಲ್ಕು ದಾಟಿ ಐದನೆಯ ವರ್ಷಕ್ಕೆ ಶೇ 50 ಸವಕಳಿ. ಆ ನಷ್ಟವನ್ನು ಮೊದಲ ಮಾಲೀಕರು ಹೊತ್ತಾದ ಮೇಲೆ ಕೊಂಡರೆ, ಎಬಿಎಸ್, ಎರಡು ಏರ್‌ಬ್ಯಾಗ್ ಇರುವ ಕಾರು ಕಡಿಮೆ ಸಾಲದಲ್ಲಿ ಮನೆಗೆ ಬರುತ್ತದೆ. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಹೊಸ ಕಾರುಗಳಿಗಿಂತ ಕೈ ಬದಲಿಸುವ ಹಳೆ ಕಾರುಗಳೇ ಹೆಚ್ಚು. ದೆಹಲಿಯಿಂದ ಅಗ್ಗವಾಗಿ ಬರುವ ಡೀಸೆಲ್ ಕಾರುಗಳ ವಿಷಯದಲ್ಲಿ ಎಚ್ಚರ: ಎನ್‌ಒಸಿ ಇದೆಯೇ, ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆ ಎಷ್ಟು ಎಂದು ಮೊದಲೇ ಕೇಳಿಕೊಂಡರೆ ಅಗ್ಗದ ಬೆಲೆ ಅಷ್ಟು ಅಗ್ಗವಾಗಿ ಕಾಣುವುದಿಲ್ಲ.

ಕೊಡುವುದೆಂದು ತೀರ್ಮಾನವಾದ ಮೇಲೆ ಕಾಗದಪತ್ರದಲ್ಲಿ ಸಡಿಲ ಬಿಡಬಾರದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಕಾರು ನಾಲ್ಕು ಕೈ ದಾಟಿದ್ದರೂ ಅಷ್ಟೇ. ಆರ್‌ಸಿ ವರ್ಗಾವಣೆ ಆಗುವವರೆಗೆ ಮಾರಾಟ ಮುಗಿದಿಲ್ಲ. ಗುಜರಿಗೆ ಹಾಕುವುದಾದರೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಬೀದಿಬದಿಯ ಗುಜರಿಯವರಿಗೆ ಕೊಟ್ಟು ಸುಮ್ಮನಾದರೆ ಆ ನಂಬರ್ ಪ್ಲೇಟು ಇನ್ನೊಂದು ಗಾಡಿಯಲ್ಲಿ ಓಡಾಡಬಹುದು. ಫಾಸ್ಟ್ಯಾಗ್ ಮುಚ್ಚಿಸಿ. ಕ್ಲೇಮ್ ಇಲ್ಲದೆ ವರ್ಷಗಟ್ಟಲೆ ಕೂಡಿಸಿದ ನೋ ಕ್ಲೇಮ್ ಬೋನಸ್, ಶೇ 50ರವರೆಗಿನದು, ಕಾರಿನದಲ್ಲ, ಮಾಲೀಕರದು. ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಕಾರಿನ ಪಾಲಿಸಿಗೆ ಸೇರಿಸಿಕೊಳ್ಳಬಹುದು. ಡೀಲರು ಇದನ್ನು ತಾನಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.